ಪಕ್ಕದಲ್ಲಿ ಯಾರು ಕೂರ್ತಾರೆ

ಗೈರು ಅನ್ನೋದು ಅವನ ಹೆಸರಲ್ಲ, ಹಾಜರಿ ಪುಸ್ತಕ ನೋಡಿ ಸಹಪಾಠಿಗಳು ಇಟ್ಟದ್ದು. ಎರಡನೇ ವರ್ಷದಲ್ಲಿ ಅವನಿಗೆ ಒಂದೇ ಒಂದು ದಿನದ ಹಾಜರಿ ಕಡಿಮೆ ಬಿದ್ದಿತ್ತು. ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಗುಮಾಸ್ತರು ಪಟ್ಟು ಹಿಡಿದರು. ಕೊನೆಗೆ ಪ್ರಿನ್ಸಿಪಾಲರೇ ದಾರಿ ತೋರಿಸಿದರು. ಮೊದಲ ವರ್ಷಕ್ಕೆ ತಡವಾಗಿ ಸೀಟು ಸಿಕ್ಕ ಹೊಸ ಹುಡುಗನೊಬ್ಬ ಇವತ್ತು ಬರುತ್ತಾನೆ. ಸಂಜೆಯವರೆಗೆ ಅವನಿಗೆ ಮೆಂಟರ್ ಆಗಿ ಜೊತೆಗಿದ್ದು, 'ನನಗೆ ಕಾಲೇಜು ಪರಿಚಯವಾಯಿತು' ಎಂಬ ಫಾರಮ್ಮಿಗೆ ಅವನ ಸಹಿ ತಂದರೆ ಆ ದಿನ ತುಂಬಿದ ಲೆಕ್ಕ. ಕಚೇರಿ ಮುಚ್ಚುವುದು ಐದಕ್ಕೆ, ನಾಳೆಗೆ ಅವಕಾಶವಿಲ್ಲ.

ಹೊಸಬ ಗೇಟಿನ ಹತ್ತಿರ ಪ್ರವೇಶದ ಚೀಟಿ ಹಿಡಿದು ನಿಂತಿದ್ದ. ದಪ್ಪ ಮೀಸೆ, ಬೆರಳಿಗೆಲ್ಲ ಮರಗೆಲಸದ ಅಂಟು. ವಯಸ್ಸು ತುಸು ಹೆಚ್ಚಾಯಿತು ಅನ್ನಿಸಿದರೂ, ನಾಲ್ಕು ಸಲ ನಪಾಸಾದವರನ್ನು ಗೈರು ಕಾಣದವನೇನಲ್ಲ. ಪ್ರವೇಶದ ನಂಬರ್ ಕೇಳಿದರೆ ಚೀಟಿ ನೋಡಿ ಓದಿದ. ಪಾಪ, ಹೆದರಿದ್ದಾನೆ ಎಂದುಕೊಂಡ ಗೈರು.

ತೊಂದರೆ ಏನೆಂದರೆ ಗೈರುಗೇ ಕಾಲೇಜು ಗೊತ್ತಿರಲಿಲ್ಲ. ಗ್ರಂಥಾಲಯ ಅಂತ ಕರೆದುಕೊಂಡು ಹೋದ ಕೋಣೆಯಲ್ಲಿ ಮುರಿದ ಬೆಂಚುಗಳಿದ್ದವು. ಗ್ರಂಥಾಲಯ ಮಹಡಿಗೆ ಹೋಗಿ ವರ್ಷವಾಯಿತೆಂದು ಜವಾನ ನಕ್ಕ. ತರಗತಿಗೆ ಹೋದರೆ ಮೇಷ್ಟರು ಗೈರುವನ್ನೇ ಹೊಸಬನೆಂದು ತಿಳಿದು, ಮುಂದಿನ ಬೆಂಚಿಗೆ ಕೂರಿಸಿ, ಶಿಸ್ತಿನ ಬಗ್ಗೆ ಅರ್ಧ ಗಂಟೆ ಕೊರೆದರು. ಅವರ ಕ್ಲಾಸಿನಲ್ಲಿ ಅವನದು ಇದು ಎರಡನೇ ವರ್ಷ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಗೈರು ತನಗೆ ಗೊತ್ತಿದ್ದ ಒಂದೇ ವಿದ್ಯೆ ಧಾರೆ ಎರೆದ. ಬೇರೆಯವರ ಪರವಾಗಿ ಹಾಜರಿ ಕೂಗುವಾಗ ತಲೆ ಎತ್ತಬಾರದು, ದನಿ ನಡುಗಬಾರದು, ಸಹಿ ಹಾಕುವಾಗ ಯೋಚಿಸಬಾರದು. "ಅಷ್ಟು ನನ್ನ ಕೈಲಾಗುತ್ತೆ" ಎಂದ ಹೊಸಬ.

ಆಮೇಲೆ ಅವನು ಜೇಬಿನಿಂದ ಒಂದು ಹಾಳೆ ತೆಗೆದು ಒಂದೊಂದೇ ಪ್ರಶ್ನೆ ಕೇಳುತ್ತ ಉತ್ತರ ಬರೆದುಕೊಂಡ. ಹಳಬರು ಗೋಳು ಹೊಯ್ಕೊಳ್ತಾರಾ, ಪಾಠ ಅರ್ಥವಾಗದಿದ್ದರೆ ಯಾರನ್ನ ಕೇಳೋದು. ಕೊನೆಯದನ್ನು ಓದುವಾಗ ಅವನ ದನಿ ಸಣ್ಣಗಾಯಿತು. "ಎಲ್ಲರಿಗೂ ಆಗಲೇ ಸ್ನೇಹ ಆಗಿರುತ್ತೆ. ಪಕ್ಕದಲ್ಲಿ ಯಾರು ಕೂರ್ತಾರೆ?"

ಗೈರುಗೆ ತಾನು ಮೊದಲ ವಾರ ಒಬ್ಬನೇ ಕೂತು, ಎರಡನೇ ವಾರದಿಂದ ಬರುವುದನ್ನೇ ಬಿಟ್ಟದ್ದು ನೆನಪಾಯಿತು. "ನಾನು ಕೂರ್ತೀನಿ, ಬರ್ಕೊ" ಎಂದುಬಿಟ್ಟ. ಇಬ್ಬರದೂ ಬೇರೆ ಬೇರೆ ಕ್ಲಾಸೆಂಬುದು ಆಗ ಹೊಳೆಯಲೇ ಇಲ್ಲ.

ನಾಲ್ಕೂವರೆಗೆ ಸಹಿ ಬಿತ್ತು. ಇಬ್ಬರೂ ಕಚೇರಿಗೆ ಹೋದಾಗ ಗುಮಾಸ್ತರು ಕನ್ನಡಕ ಏರಿಸಿ, ಸಹಿ ತಾಳೆ ನೋಡಲು ಪ್ರವೇಶದ ಅರ್ಜಿ ತೆಗೆದರು. ಅದರ ಫೋಟೋದಲ್ಲಿ ಮೀಸೆಯೇ ಚಿಗುರದ ಸಣಕಲ ಹುಡುಗನಿದ್ದ.

ಹೊಸಬ ತಲೆ ತಗ್ಗಿಸಿದ. "ಅವನು ನನ್ನ ತಮ್ಮ ಸಾರ್. ಹೆದ್ರಿಕೊಂಡು ಮನೇಲೇ ಕೂತಿದಾನೆ. ಪ್ರಶ್ನೆ ಬರ್ಕೊಟ್ಟು, ನೀನೇ ಮೊದ್ಲು ನೋಡ್ಕೊಂಡು ಬಾ ಅಂದ. ಬಡಗಿ ಕೆಲ್ಸಕ್ಕೆ ರಜ ಹಾಕಿ ಬಂದೆ. ಸಹಿ ಮಾತ್ರ ಇವರು ಹೇಳ್ಕೊಟ್ಟ ಹಾಗೇ ಹಾಕ್ದೆ."

ಗುಮಾಸ್ತರು ಗೈರುವನ್ನು ನೋಡಿದರು. ಅವರಿಗೂ ಬೇಜಾರಾದಂತಿತ್ತು. "ನೀನು ಇವತ್ತೊಂದು ದಿನ ನಿಜವಾಗ್ಲೂ ಬಂದಿದ್ದೆ ಕಣಯ್ಯ. ಬರಬೇಕಾದ ಹುಡುಗನೇ ಬಂದಿಲ್ಲ" ಎಂದು ಫಾರಮ್ಮಿನ ಮೇಲೆ ಅಡ್ಡಗೆರೆ ಎಳೆದರು.

ಗೇಟಿನ ಹತ್ತಿರ ಅಣ್ಣ ಕೈಮುಗಿದ. ತಮ್ಮ ನಾಳೆಯಿಂದ ಖಂಡಿತ ಬರುತ್ತಾನೆ, ಆದರೆ ಆ ಕೊನೇ ಉತ್ತರ ನಿಜ ತಾನೇ ಎಂದು ಕೇಳಿದ.

ಗೈರು ಲೆಕ್ಕ ಹಾಕಿದ. ಪರೀಕ್ಷೆ ಇಲ್ಲ, ಅಂದರೆ ಮುಂದಿನ ವರ್ಷವೂ ಎರಡನೇ ವರ್ಷವೇ. ಅಷ್ಟರಲ್ಲಿ ಆ ತಮ್ಮನೂ ಅದೇ ಕ್ಲಾಸಿಗೆ ಬಂದಿರುತ್ತಾನೆ.

"ನಿಜಾನೇ" ಎಂದ. "ಒಂದು ವರ್ಷ ಕಾಯೋಕೆ ಹೇಳಿ."