ಜಂಪಣ್ಣ ಹಿಡಿದ ಹೊಳೆ

ಬಿಸಿಲೇರಿದರೆ ಹೊಳೆಯ ಬಣ್ಣ ಕೆಡುತ್ತದೆಂದು ಜಂಪಣ್ಣ ಅಂದು ಕಾಫಿಯನ್ನೂ ಕುಡಿಯದೆ ಸಾಸ್ವೆಹಳ್ಳಿಯ ಹೊಳೆದಂಡೆಗೆ ಓಡಿದ. ಎಡವಟ್ಟಾದದ್ದು ಅಲ್ಲೇ. ಜಪಾನಿನವರು ರಂಗೂನಿಗೆ ಬಂದರೆಂಬ ಸುದ್ದಿ ಹಬ್ಬಿದ್ದ ದಿನಗಳವು. ಬೆಳಗಾಗುತ್ತಲೇ ಓಡುವವನನ್ನು ಊರು ಸುಮ್ಮನೆ ಬಿಡುವಂತಿರಲಿಲ್ಲ.

ಜಂಪಣ್ಣ ಮುಂಬಯಿಯಲ್ಲಿ ಚಿತ್ರಕಲೆ ಕಲಿತು ಬಂದವನು. ಫ್ರಾನ್ಸಿನ ಕಲಾವಿದರ ಹಾಗೆ ಬಯಲಲ್ಲೇ ನಿಂತು, ಬೆಳಕು ಕಂಡಂತೆ ಬಣ್ಣದ ಚುಕ್ಕೆಗಳನ್ನಿಡುವುದು ಅವನ ಪಂಥ. ಅದಕ್ಕೆ ಒಪ್ಪುವ ಗಡ್ಡವನ್ನೂ ಬಿಟ್ಟಿದ್ದ. ಊರಿಗೆ ಗಡ್ಡ ಅರ್ಥವಾಯಿತು, ಚಿತ್ರ ಅರ್ಥವಾಗಲಿಲ್ಲ.

ಬಟ್ಟೆ ಒಗೆಯಲು ಬಂದ ಲಕ್ಷ್ಮಕ್ಕ ಬಗ್ಗಿ ನೋಡಿದಳು. "ಏನಪ್ಪಾ ಇದು, ಮುದ್ದೆ ಮೇಲೆ ಕುಂಕುಮ ಚೆಲ್ಲಿದಂಗೈತೆ?"

"ಹೊಳೆ ಕಣಕ್ಕಾ."

"ಹೊಳೆ ಮುಂದೇನೇ ಹರೀತೈತಲ್ಲೋ! ಮತ್ತೆ ಇದನ್ಯಾಕೆ ಬಳೀತಿ?"

ಅಷ್ಟರಲ್ಲಿ ನೆರೆಮನೆಯ ಷಣ್ಮುಖಪ್ಪ ಬಂದ. ಲೋಕದ ಉಸ್ತುವಾರಿಯೆಲ್ಲ ತನ್ನದೇ ಎಂಬಂತೆ ನಡೆಯುವ ಮನುಷ್ಯ. "ಬಿಸಿಲೇರೋದ್ರೊಳಗೆ ದೋಣಿ ದಾಟೋ ಜಾಗ ಹಿಡೀಬೇಕು" ಎಂದು ಜಂಪಣ್ಣ ಗೊಣಗಿಕೊಂಡದ್ದು ಅವನ ಕಿವಿಗೆ ಬಿತ್ತು. ಜಪಾನಿನವರಿಗೆ ನಕ್ಷೆ ಬರೆಯುವ ಗೂಢಚಾರ ಸಿಕ್ಕನೆಂದು ಷಣ್ಮುಖಪ್ಪ ಪಂಚೆ ಎತ್ತಿ ಕಟ್ಟಿ ಠಾಣೆಯತ್ತ ಓಡಿದ.

ಬಣ್ಣ ಒಣಗುವ ಮೊದಲೇ ಜಂಪಣ್ಣ ಠಾಣೆಯಲ್ಲಿದ್ದ. ಒದ್ದೆ ಚಿತ್ರವನ್ನು ಪೇದೆಯೊಬ್ಬ ಚೇಳಿನಂತೆ ತುದಿಯಲ್ಲಿ ಹಿಡಿದು ತಂದು ಗೋಡೆಗೆ ಒರಗಿಸಿದ.

ಜಮಾದಾರ ಅಂಜಿನಪ್ಪ ಅದನ್ನು ನೆಟ್ಟಗೆ ನೋಡಿದ, ತಲೆಕೆಳಗು ಮಾಡಿ ನೋಡಿದ. "ಇದು ನಕ್ಷೆ ಏನ್ರೀ ಷಣ್ಮುಖಪ್ಪ? ಇದನ್ನ ನಂಬ್ಕೊಂಡು ಹೊಳೆಗೆ ಹೊಂಟ್ರೆ ಜಪಾನಿನೋನು ನೀರೇ ಇಲ್ಲದ ಜಗಳೂರು ಸೇರ್ತಾನೆ! ಹೋಗ್ರಿ ಜಂಪಣ್ಣ, ಇದ್ರಾಗೆ ಏನೂ ಇಲ್ಲ."

ಬಾಗಿಲವರೆಗೆ ಹೋದ ಜಂಪಣ್ಣ ನಿಂತ. ಏನೂ ಇಲ್ಲವೇ? ಜೈಲನ್ನಾದರೂ ಸಹಿಸಬಹುದು, ಈ ಮಾತನ್ನು ಹೇಗೆ ಸಹಿಸುವುದು?

"ಸ್ವಲ್ಪ ಹಿಂದಕ್ಕೆ ಬರ್ರಿ ಜಮಾದಾರ್ರೇ. ಇನ್ನೂ ಸ್ವಲ್ಪ. ಈಗ ಕಣ್ಣು ಕಿರಿದು ಮಾಡಿ ನೋಡ್ರಿ."

ಅಂಜಿನಪ್ಪ ಎದುರು ಗೋಡೆಗೆ ಬೆನ್ನು ತಾಗುವವರೆಗೆ ಸರಿದ. ಕಣ್ಣು ಕಿರಿದಾಯಿತು, ಬಾಯಿ ಅಗಲವಾಯಿತು.

"ಅಬ್ಬಬ್ಬಾ! ನಮ್ಮ ಹೊಳೇನೇ! ಅಗೋ ದೋಣಿ, ಇಗೋ ನೀರು ಕಮ್ಮಿ ಇರೋ ಜಾಗ... ಹರಿದಂಗೇ ಐತಲ್ರೀ!"

ಜಂಪಣ್ಣನ ಕಣ್ಣು ತುಂಬಿತು. ಇಷ್ಟು ವರ್ಷಕ್ಕೆ ಒಬ್ಬನಿಗಾದರೂ ಕಂಡಿತಲ್ಲ! "ನಿಜವಾಗ್ಲೂ ಕಾಣ್ತೈತಾ?"

"ಕಣ್ಣಿಗೆ ಕಟ್ಟಿದಂಗೈತೆ" ಎಂದ ಅಂಜಿನಪ್ಪ, ಪೇದೆಯತ್ತ ತಿರುಗಿ, "ಏಯ್, ಲಾಕಪ್ಪಿನ ಬೀಗ ತೆಗಿ."