ಕಡಲಿಲ್ಲದ ಊರಿನ ನೌಕಾಪಡೆ

ಪಂಪ್ ರಿಪೇರಿ ಅಂಗಡಿ ಇಟ್ಟುಕೊಂಡವನಿಗೆ ಇಂಥವು ಆಗುತ್ತಲೇ ಇರುತ್ತವೆ. ಮೂವತ್ತು ವರ್ಷದಿಂದ ವಯನಾಡಿನ ಕಲ್ಲೂರಿನಲ್ಲಿ ಹೆದ್ದಾರಿ ಪಕ್ಕ ಕೂತು ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದೇನೆ. ಮೋಟಾರುಗಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅವುಗಳನ್ನು ಹೊತ್ತು ತರುವವರ ಬಗ್ಗೆ ಮಾತ್ರ ಒಳ್ಳೆಯದು ಹೇಳಲು ಬಾಯಿ ಬರುವುದಿಲ್ಲ. ಬಾವಿಯಲ್ಲಿ ನೀರಿಲ್ಲದಿದ್ದರೆ ಪಂಪನ್ನು ಬೈಯುವವರು, ಕರೆಂಟಿಲ್ಲದಿದ್ದರೆ ನನ್ನನ್ನು ಬೈಯುವವರು, ಎಲ್ಲರನ್ನೂ ಕಂಡಿದ್ದೇನೆ. ಕಳೆದ ವರ್ಷ ಕಂಡದ್ದರ ಮುಂದೆ ಅವರೆಲ್ಲ ಜ್ಞಾನಿಗಳು.

೧. ಮುಷ್ಟಿಯಷ್ಟು ಪಂಪು

ನಮ್ಮೂರಲ್ಲಿ ರಿಟೈರಾದ ಡ್ರಾಯಿಂಗ್ ಮೇಷ್ಟ್ರೊಬ್ಬರಿದ್ದಾರೆ. ಮಲಯಾಳಿಗಳು, ಎಲ್ಲರೂ ಮಾಷ್ ಎಂದೇ ಕರೆಯುವುದು. ಅವರು ಆಡಿದ್ದನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ, ಬೈಗುಳಗಳನ್ನು ಮಾತ್ರ ಅಲ್ಲಲ್ಲೇ ಬಿಟ್ಟಿದ್ದೇನೆ.

ಒಂದು ದಿನ ಕಂಕುಳಲ್ಲಿ ಚಾರ್ಟ್ ಪೇಪರ್ ಸುರುಳಿ ಇಟ್ಟುಕೊಂಡು ಬಂದರು.

"ನನಗೊಂದು ಪಂಪ್ ಬೇಕು. ಮುಷ್ಟಿಯೊಳಗೆ ಹಿಡಿಯಬೇಕು."

"ಯಾವ ಬಾವಿಗೆ ಮಾಷೇ? ಇರುವೆ ತೋಡಿದ್ದಕ್ಕಾ?"

"ಬಾವಿಗಲ್ಲ. ಯುದ್ಧನೌಕೆಗೆ."

ಚಾರ್ಟ್ ಬಿಡಿಸಿ ಪಾಠ ಶುರುಮಾಡಿದರು. ರಿಮೋಟಿನಲ್ಲಿ ಓಡುವ ಮೂರಡಿ ಉದ್ದದ ಹಡಗು. ಅದರಲ್ಲಿ ಪುಟ್ಟ ಫಿರಂಗಿ, ಗ್ಯಾಸಿನ ಒತ್ತಡಕ್ಕೆ ಉಕ್ಕಿನ ಗುಂಡು ಹಾರುತ್ತದೆ. ಎದುರಾಳಿಯ ಹಡಗಿನ ಪಕ್ಕೆಗೆ ತೂತು ಬೀಳುತ್ತದೆ, ನೀರು ನುಗ್ಗುತ್ತದೆ. ಒಳಗಿನ ಪಂಪು ಆ ನೀರನ್ನು ಹೊರಗೆ ಚೆಲ್ಲಬೇಕು. ಯಾರ ಪಂಪು ಸೋಲುತ್ತದೋ ಅವರ ಹಡಗು ಮುಳುಗುತ್ತದೆ. ಪ್ರಪಂಚದಲ್ಲಿ ದೊಡ್ಡ ದೊಡ್ಡವರು ಇದನ್ನು ಆಡುತ್ತಾರಂತೆ, ಇವರು ಫೋನಿನಲ್ಲಿ ನೋಡಿದ್ದಾರಂತೆ.

"ಕಷ್ಟಪಟ್ಟು ಕಟ್ಟಿದ್ದನ್ನು ಮುಳುಗಿಸುವುದಾ?"

"ಮುಳುಗಿಸಿ, ಮೇಲೆತ್ತಿ, ತೂತು ಮುಚ್ಚಿ, ಮತ್ತೆ ಮುಳುಗಿಸುವುದು."

"ಮಾಷೇ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಲ್ಲ?"

ಅವರಿಗೆ ಸಿಟ್ಟು ಬಂತು. ವಾರ ಕಳೆದು ಪೋಸ್ಟಿನಲ್ಲಿ ತರಿಸಿದ ಪಂಪೊಂದನ್ನು ಹಿಡಿದು ಬಂದು ನನ್ನ ಮೇಜಿನ ಮೇಲಿಟ್ಟರು. ನಾನು ಅದನ್ನು ಎತ್ತಿ ನೋಡಿ, "ಇದರಲ್ಲಿ ಬೇಕಾದರೆ ಹಲ್ಲುಜ್ಜಬಹುದು" ಎಂದೆ. ಅಂಗಡಿಯಲ್ಲಿ ಎಂಟು ಜನ ಗಿರಾಕಿಗಳಿದ್ದರು, ಎಂಟೂ ಜನ ನಕ್ಕರು. ಮಾಷ್ ನಗಲಿಲ್ಲ.

"ಅಷ್ಟು ದೊಡ್ಡ ಪಂಪಿನವರಾದರೆ ನೀವೇ ಒಂದು ಹಡಗು ಕಟ್ಟಿ ಬನ್ನಿ. ನೀರು ಚೆಲ್ಲುವವನ ಹಡಗು ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಊರು ನೋಡಲಿ."

ಎಂಟು ಜನ ಈಗ ನನ್ನ ಮುಖ ನೋಡಿದರು. ಪಂಪ್ ಮೆಕ್ಯಾನಿಕ್ಕಿನ ಹಡಗೇ ನೀರು ತುಂಬಿ ಮುಳುಗಿತೆಂದರೆ ನಾಳೆ ಯಾರು ನನ್ನನ್ನು ತಮ್ಮ ಬಾವಿಯ ಹತ್ತಿರ ಬಿಟ್ಟುಕೊಳ್ಳುತ್ತಾರೆ? ಒಲ್ಲೆ ಎಂದರೂ ಮೂವತ್ತು ವರ್ಷದ ಹೆಸರು ಹೋದಂತೆಯೇ. ಕಟ್ಟುತ್ತೇನೆ ಎಂದೆ. ಹೀಗೆ ಕಲ್ಲೂರಿನಲ್ಲಿ ಒಬ್ಬನೇ ಇದ್ದ ಹುಚ್ಚನಿಗೆ ಜೊತೆ ಸಿಕ್ಕಿತು.

೨. ಆಚಾರಿಯ ಮಾನ

ಹಡಗಿನ ಒಡಲು ಮಾಡಿಸಲು ಮರಗೆಲಸದ ಆಚಾರಿಯ ಹತ್ತಿರ ಹೋದೆ. ದೊಡ್ಡ ಮನೆಗಳ ಬಾಗಿಲು ಮಾಡುವ ಮನುಷ್ಯ, ಉಳಿಯಷ್ಟೇ ಚೂಪು ಗರ್ವ.

"ಪಕ್ಕೆ ತೆಳ್ಳಗಿರಬೇಕು, ಗುಂಡು ತಾಗಿದರೆ ತೂತಾಗಬೇಕು" ಎಂದೆ. "ಅದೇ ಆಟದ ನಿಯಮ."

"ಎಷ್ಟು ವರ್ಷ ಬಾಳಬೇಕು?"

"ಒಂದು ಮಧ್ಯಾಹ್ನ."

ಆಚಾರಿ ಉಳಿ ಕೆಳಗಿಟ್ಟ. ಹಾಳಾಗಲೆಂದೇ ಕೆಲಸ ಮಾಡಿಸುವವನನ್ನು ಅವನ ಅಪ್ಪನೂ ಕಂಡಿರಲಿಲ್ಲವಂತೆ. ಹದಿನೈದು ದಿನ ಬಿಟ್ಟು ಕರೆಸಿದ. ಹೋಗಿ ನೋಡಿದರೆ ಹಲಸಿನ ಮರದ ಹಡಗು, ಪಕ್ಕೆ ಹೆಬ್ಬೆರಳು ದಪ್ಪ, ಎಣ್ಣೆ ಹಚ್ಚಿ ತಿಕ್ಕಿ ಮಿಂಚಿಸಿದ್ದಾನೆ. ಎತ್ತಲು ಇಬ್ಬರು ಬೇಕಾಯಿತು. ಮಾಷ್ ಬಂದು ಪರೀಕ್ಷೆಗೆ ಮೂರು ಗುಂಡು ಹಾರಿಸಿದರು. ಮೂರೂ ಠಣ್ಣೆಂದು ವಾಪಸು ಬಂದವು.

"ಇದು ಹಡಗಲ್ಲ, ಮಂಚ" ಎಂದರು ಮಾಷ್. "ಆಟಕ್ಕಿಲ್ಲ."

ಆಚಾರಿಗೆ ಆದ ಸಂತೋಷ ನೋಡಬೇಕಿತ್ತು. "ಗುಂಡಲ್ಲ, ಕೊಡಲಿ ತನ್ನಿ!" ಎಂದು ಎದೆ ತಟ್ಟಿಕೊಂಡ. ಅವನೂ ನಾನೂ ಸೇರಿ ಅದನ್ನು ಮನೆಗೆ ಹೊತ್ತು ತಂದೆವು. ನನ್ನ ಹೆಂಡತಿ ಕೊಟ್ಟಿಗೆಗೆ ಎಳೆದು ಹಸುವಿನ ಮುಂದಿಟ್ಟಳು. ಇಡೀ ವಯನಾಡಿನಲ್ಲಿ ಯುದ್ಧನೌಕೆಯಲ್ಲಿ ಹಿಂಡಿ ತಿನ್ನುವ ಹಸು ನಮ್ಮದೊಂದೇ.

೩. ಗ್ಯಾಸು

ಕೊನೆಗೆ ನಾನೇ ಕೂತೆ. ಕಾಳುಮೆಣಸಿನ ಬಳ್ಳಿ ಹಬ್ಬಿಸಲು ನೆಟ್ಟ ಹಾಲವಾಣದ ಮರವಿದೆಯಲ್ಲ, ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆದು. ಅದನ್ನು ಸೀಳಿ, ಹಾಳೆಯಂತೆ ಉಜ್ಜಿ, ಚೌಕಟ್ಟಿಗೆ ಅಂಟಿಸಿದೆ. ಅಳತೆ ತಪ್ಪಬಾರದೆಂದು ಆ ಹಡಗನ್ನು ತೊಡೆಯ ಮೇಲಿಟ್ಟುಕೊಂಡೇ ಮೈಸೂರಿಗೆ ಹೋಗಿ ಮೋಟಾರು, ರಿಮೋಟು, ಸೋಡಾ ಮಾಡುವ ಗ್ಯಾಸಿನ ಪುಟಾಣಿ ಸಿಲಿಂಡರುಗಳು, ಎಲ್ಲ ತಂದೆ.

ಬರುವಾಗ ಗಡಿಯ ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಲ್ಲಿಸಿದರು. ಹೆಂಡ ಹುಡುಕುವ ಅಧಿಕಾರಿಯೊಬ್ಬ ಹತ್ತಿದ.

"ಇದೇನು?"

"ಯುದ್ಧನೌಕೆ ಸಾರ್."

"ಎಲ್ಲಿಗೆ?"

"ಕಲ್ಲೂರಿಗೆ."

"ಕಲ್ಲೂರಿಗೆ ಕಡಲು ಯಾವಾಗ ಬಂತು?" ಎಂದು ಮುಚ್ಚಳ ತೆಗೆದು ಒಳಗೆ ಕೈಹಾಕಿದ. ಸಿಲಿಂಡರುಗಳು ಸಿಕ್ಕಿದವು. ಸೋಡಾದ ಗ್ಯಾಸು ಎಂದೆ. ಮತ್ತೆ ಕೈಹಾಕಿ ಮೂಲೆ ಮೂಲೆ ತಡಕಿದ, ತಲೆಕೆಳಗು ಮಾಡಿ ಅಲ್ಲಾಡಿಸಿದ. ಇಡೀ ಬಸ್ಸು ಕತ್ತು ಉದ್ದ ಮಾಡಿತು.

"ಸೋಡಾ ಇದೆ ಅಂದಮೇಲೆ," ಎಂದ ಅವನು ಬಹಳ ಬೇಸರದಿಂದ, "ಉಳಿದದ್ದು ಎಲ್ಲಿ?"

೪. ಕೊಡೆ

ಫಿರಂಗಿಯ ಪರೀಕ್ಷೆಯನ್ನು ಅಂಗಡಿಯ ಹಿಂದೆ ಇಟ್ಟುಕೊಂಡೆ. ಹಳೆಯ ಎಣ್ಣೆ ಡಬ್ಬಿಗೆ ಗುರಿ. ಮೊದಲ ಗುಂಡು ಡಬ್ಬಿಗೆ ಬಡಿದು ಓರೆಯಾಗಿ ಹಾರಿ, ಆಗಷ್ಟೇ ಮೂಲೆ ತಿರುಗಿ ಬಂದ ಅಜ್ಜಿಯೊಬ್ಬಳ ಕೊಡೆಯನ್ನು ತೂತು ಮಾಡಿಕೊಂಡು ಹೋಯಿತು. ಅಜ್ಜಿ ನಮ್ಮ ಕನ್ನಡದವಳೇ, ಗದ್ದೆ ತೋಟ ಎಲ್ಲ ಒಬ್ಬಳೇ ನೋಡಿಕೊಳ್ಳುವ ಗಟ್ಟಿ ಜೀವ. ಕದಲಲೇ ಇಲ್ಲ.

"ಏನ್ ಮಗ, ನನ್ ಪಂಪು ಎರಡು ವಾರದಿಂದ ಇಲ್ಲಿ ಮಕಾಡೆ ಬಿದ್ದದೆ. ನೀನು ನೋಡುದ್ರೆ ಬೆಡಿ ಹೊಡ್ಕೊಂಡು ಕುಂತಿದ್ದೀಯ?"

"ತಪ್ಪಾಯ್ತು ಅಜ್ಜಿ. ಹೊಸ ಕೊಡೆ ಕೊಡುಸ್ತೀನಿ."

ಅಜ್ಜಿ ಕೊಡೆಯನ್ನು ಬಿಸಿಲಿಗೆ ಹಿಡಿದು ತೂತಿನೊಳಗಿಂದ ನನ್ನನ್ನೇ ನೋಡಿದಳು.

"ಬ್ಯಾಡ ಬುಡು. ಈ ತೂತಲ್ಲಿ ಮಳೆ ಬಂದಾಗ್ಲಾದ್ರೂ ನೀರು ಬತ್ತದೆ. ನೀನು ರಿಪೇರಿಗೆ ಇಟ್ಕೊಂಡ ಪಂಪಲ್ಲಿ ಅದೂ ಇಲ್ಲ."

೫. ಮೊದಲಾಳಿಯ ಅರಮನೆ

ಯುದ್ಧಕ್ಕೆ ಕೆರೆ ಬೇಕಲ್ಲ. ಇದ್ದದ್ದು ಹೋಂಸ್ಟೇ ನಡೆಸುವ ಧಣಿಯ ತೋಟದಲ್ಲಿ, ಸೊಂಟದ ಮಟ್ಟದ ಕೆರೆ. ಊರವರ ಬಾಯಲ್ಲಿ ಅವನು ಮೊದಲಾಳಿ. ಕೊಡುತ್ತೇನೆ, ಆದರೆ ನನ್ನದೂ ಒಂದು ಹಡಗು ಇರಬೇಕು ಎಂದ. ಇರಲಿ ಎಂದೆವು.

ಅವನು ತಂದದ್ದನ್ನು ನೋಡಿ ಮಾಷೂ ನಾನೂ ಮೊದಲ ಸಲ ಒಂದೇ ಪಕ್ಷದವರಾದೆವು. ನಾಲ್ಕು ಅಂತಸ್ತು. ಸುತ್ತಲೂ ಮಿಣಮಿಣ ಬಲ್ಬು. ಮೇಲಂತಸ್ತಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಪುಟ್ಟ ಬಣ್ಣದ ಕೊಡೆಗಳು. ಟೂರಿಸ್ಟ್ ಬಸ್ಸಿನ ಹಾರನ್ನು. ಎರಡೂ ಪಕ್ಕೆಗಳಿಗೆ 'ರೂಮುಗಳು ಖಾಲಿ ಇವೆ' ಎಂಬ ಬೋರ್ಡು.

"ಫಿರಂಗಿ ಎಲ್ಲಿ?" ಎಂದರು ಮಾಷ್.

"ಫಿರಂಗಿ ಹಾಕಲಿಲ್ಲ. ಗೆಸ್ಟುಗಳಿಗೆ ಶಬ್ದ ಆಗಬಾರದಲ್ಲ" ಎಂದ, ಹಾರನ್ನಿನ ತಂತಿ ಬಿಗಿಮಾಡುತ್ತಾ.

ನೀರಿಗಿಳಿಸಿದ. ಹಡಗು ಹತ್ತಡಿ ಹೋಗಿ ಎಡಕ್ಕೆ ತಿರುಗಿತು. ಮೇಲಿನ ನಾಲ್ಕು ಅಂತಸ್ತೂ ಬಲಕ್ಕೆ ವಾಲಿದವು. ಮೊದಲಾಳಿ ಗಾಬರಿಯಲ್ಲಿ ರಿಮೋಟಿನ ಯಾವ ಗುಂಡಿ ಒತ್ತಿದನೋ, ಹಾರನ್ನು ಕೂಗತೊಡಗಿತು. ಕೂಗುತ್ತಲೇ ಹಡಗು ಮಗ್ಗುಲಾಗಿ ಮಲಗಿತು. ಒಬ್ಬರೂ ಒಂದು ಗುಂಡು ಹೊಡೆದಿರಲಿಲ್ಲ. ಎಲ್ಲಕ್ಕಿಂತ ಕೊನೆಗೆ ಮುಳುಗಿದ್ದು ಮೇಲ್ಮುಖವಾಗಿದ್ದ ಬೋರ್ಡು. ಆ ಹಡಗಿನಲ್ಲಿ ನಿಜವೆಂಬುದು ಅದೊಂದೇ ಇದ್ದದ್ದು.

೬. ಯುದ್ಧ

ಉಳಿದವರು ಮಾಷ್ ಮತ್ತು ನಾನು. ಮುಂದಿನ ಭಾನುವಾರ ಮಧ್ಯಾಹ್ನ ಕೆರೆ ಏರಿಯ ತುಂಬ ಜನ. ಅರ್ಧಕ್ಕರ್ಧ ನನ್ನ ಗಿರಾಕಿಗಳೇ.

ನನಗೆ ಹೆದರಿಕೆ ಇರಲಿಲ್ಲ. ಮಾಷ್ ಹಡಗನ್ನೂ ತಿರುಗಿಸಬೇಕು, ಫಿರಂಗಿಯನ್ನೂ ಹೊಡೆಯಬೇಕು, ಪಂಪಿನ ಗುಂಡಿಯನ್ನೂ ಒತ್ತಬೇಕು. ಪಾಪ, ಚಿತ್ರ ಬರೆಯುವವರಿಗೆ ಇಷ್ಟೇ ಹೊಳೆಯುವುದು. ನಾನು ಅವರ ಹಾಗಲ್ಲ. ಪಂಪಿಗೆ ಪುಟಾಣಿ ಫ್ಲೋಟ್ ಸ್ವಿಚ್ ಕೂಡಿಸಿದ್ದೆ. ನೀರು ಏರಿದಂತೆ ಅದರ ಟೊಳ್ಳು ಬುರುಡೆ ತೇಲುತ್ತದೆ, ಪಂಪು ತನ್ನ ಕೆಲಸ ತಾನು ನೋಡಿಕೊಳ್ಳುತ್ತದೆ, ನನ್ನ ಎರಡು ಕೈಯೂ ಯುದ್ಧಕ್ಕೆ. ಹಿಂದಿನ ದಿನ ಹಡಗಿನೊಳಗೆ ಒಂದು ಚೊಂಬು ನೀರು ಹೊಯ್ದು ನೋಡಿದ್ದೆ. ಪಂಪು ಚಿಮ್ಮಿ ಎಸೆದಿತ್ತು.

ಮಾಷ್ ಎರಡು ಗುಂಡು ಹೊಡೆದರು. ಹಾಲವಾಣದ ಪಕ್ಕೆಗೆ ಎರಡು ತೂತು. ಒಳಗೆ ಹೋದ ನೀರು ಮರುಗಳಿಗೆಯೇ ದಾರದಂತೆ ಹೊರಗೆ ಚಿಮ್ಮಿತು. ಏರಿಯ ಮೇಲೆ ಚಪ್ಪಾಳೆ.

"ಹೊಡೀರಿ ಮಾಷೇ!" ಎಂದು ಕೂಗಿದೆ. "ಬಂದಷ್ಟೂ ಚೆಲ್ಲುತ್ತೇನೆ. ಇದು ಹಲ್ಲುಜ್ಜುವ ಪಂಪಲ್ಲ!"

ಮಾಷ್ ಹೊಡೆದರು. ಮೂರು, ನಾಲ್ಕು, ಏಳು. ನಾನೂ ಅವರ ಹಡಗಿಗೆ ಐದು ಇಳಿಸಿದೆ. ಎರಡೂ ಹಡಗು ನೀರು ಕುಡಿದು ಭಾರವಾದವು. ಅವರ ಪಂಪು ಕೆಮ್ಮುತ್ತಾ ಉಗುಳುತ್ತಿತ್ತು. ಇನ್ನೊಂದು ಐದು ನಿಮಿಷ ತಡೆದರೆ ಗೆದ್ದೆ ಎಂದುಕೊಂಡೆ.

ಆಗ ನನ್ನ ಪಂಪು ನಿಂತಿತು.

ಸುಟ್ಟು ನಿಂತದ್ದಲ್ಲ, ಕೆಮ್ಮಿ ನಿಂತದ್ದೂ ಅಲ್ಲ. ಕೆಲಸ ಮುಗಿಸಿದವರ ಹಾಗೆ ಟಕ್ಕೆಂದು ನಿಂತಿತು. ಹಡಗು ನೆಟ್ಟಗೆ, ಒಂದಿಷ್ಟೂ ವಾಲದೆ, ಎಲ್ಲರ ಕಣ್ಣೆದುರು ಕೆಳಗಿಳಿಯಿತು. ಮಾಷ್ ಕುಣಿದದ್ದನ್ನು ನಾನು ಬರೆಯುವುದಿಲ್ಲ.

ಕೆರೆಗಿಳಿದು ಹಡಗೆತ್ತಿ, ಮುಚ್ಚಳ ತೆಗೆದು ನೋಡಿದೆ. ನೋಡಿದ ತಕ್ಷಣ ಕಿವಿ ಬಿಸಿಯಾಯಿತು. ಫ್ಲೋಟ್ ಸ್ವಿಚ್ಚಿಗೆ ಮೂರು ವೈರು, ಅದರಲ್ಲೊಂದು ಎರಡು ಜೋಡಿಗೂ ಸೇರಿದ್ದು. ಒಂದು ಜೋಡಿ ನೀರು ಖಾಲಿ ಮಾಡುವುದಕ್ಕೆ, ಇನ್ನೊಂದು ಜೋಡಿ ಮನೆಯ ಮೇಲಿನ ಟ್ಯಾಂಕ್ ತುಂಬುವುದಕ್ಕೆ: ಖಾಲಿ ಇದ್ದಾಗ ಪಂಪು ಓಡಬೇಕು, ತುಂಬಿದ ಕೂಡಲೇ ನಿಲ್ಲಬೇಕು. ಮೂವತ್ತು ವರ್ಷದಿಂದ ಟ್ಯಾಂಕುಗಳಿಗೇ ಕೂಡಿಸಿ ಕೂಡಿಸಿ, ಕೈ ತಾನಾಗಿಯೇ ಟ್ಯಾಂಕಿನ ಜೋಡಿಯನ್ನು ತಿರುಚಿಬಿಟ್ಟಿತ್ತು. ನಾನು ಸುರಿದ ಒಂದು ಚೊಂಬು ನೀರಿಗೆ ಬುರುಡೆ ತೇಲಿರಲೇ ಇಲ್ಲ; ಕೆರೆಯಲ್ಲಿ ತೇಲಿದ್ದೇ ತಡ, ಟ್ಯಾಂಕು ತುಂಬಿತೆಂದು ಪಂಪು ನಿಂತಿತ್ತು. ಖಾಲಿ ಹಡಗಿನಲ್ಲಿ ಪಂಪು ಗುಂಯ್ ಅನ್ನುತ್ತಿದ್ದರೂ ಈ ಕಿವಿಗೆ ಅದರಲ್ಲಿ ತಪ್ಪು ಕೇಳಿಸಿರಲಿಲ್ಲ.

"ಏನಾಯಿತು?" ಎಂದರು ಮಾಷ್.

"ಬ್ಯಾಟರಿ" ಎಂದು ಸುಳ್ಳು ಹೇಳಿ ಮನೆಗೆ ಬಂದೆ. ಊಟ ಸೇರಲಿಲ್ಲ. ಮೂವತ್ತು ವರ್ಷದ ಹೆಸರು ಸೊಂಟದ ಮಟ್ಟದ ಕೆರೆಯಲ್ಲಿ ಹೋಯಿತಲ್ಲ.

ಸೋಮವಾರ ಅಂಗಡಿಗೆ ಹೋದರೆ ಬಾಗಿಲಲ್ಲಿ ನಾಲ್ಕು ಜನ. ರಿಪೇರಿಗೆ ಕೊಟ್ಟ ಪಂಪು ವಾಪಸು ಒಯ್ಯಲು ಬಂದಿದ್ದಾರೆ ಎಂದುಕೊಂಡೆ. ತಲೆ ತಗ್ಗಿಸಿಕೊಂಡೇ ಬೀಗ ತೆಗೆದೆ. ಮುಂದೆ ನಿಂತವನು ಗಂಟಲು ಸರಿಮಾಡಿಕೊಂಡ.

"ಮೋಟ್ರಣ್ಣ, ನಮ್ಮನೆ ಟ್ಯಾಂಕು ದಿನಾ ತುಂಬಿ ಚೆಲ್ಲೋಯ್ತದೆ. ಇವ್ರ್ ಮೂರು ಜನರದೂ ಅದೇ ಕತೆ. ನೆನ್ನೆ ಹಡಗಿಗೆ ಹಾಕಿದ್ಯಲ್ಲ, ಅದೇ ಹಾಕ್ಕೊಡು. ತುಂಬ್ತಿದ್ದಂಗೇ ಎಷ್ಟು ಚೆಂದಾಗಿ ನಿಂತೋಯ್ತು!"