ಮೋತಿಯ ಹಲ್ಲುಜ್ಜಿದ ದಿನ

ಇಳಕಲ್ಲಿನ ನೇಕಾರ ಹುಚ್ಚೇಶನ ಮದುವೆಗೆ ಅಡ್ಡಗಾಲು ಹಾಕಿದ್ದು ಅವನ ನಾಯಿ ಮೋತಿಯ ಬಾಯಿ. ಹೋದ ತಿಂಗಳು ಮನೆ ನೋಡಲು ಬಂದ ಹುನಗುಂದದ ಹಿರಿಯರಿಗೆ ಹುಚ್ಚೇಶ ಬಗ್ಗಿ ಚಹಾ ಕೊಡುವಾಗ, ಅವನ ಕಂಕುಳಡಿಯಿಂದ ಮೋತಿಯೂ ಮುಖ ತೂರಿಸಿತ್ತು. ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು ಎದ್ದುಹೋದ ಹಿರಿಯರು ಮತ್ತೆ ಸುದ್ದಿ ಕಳಿಸಲಿಲ್ಲ.

ಇವತ್ತು ಶಿರೂರಿನ ಮುದಕಪ್ಪ ಬರುವವನಿದ್ದ. ಅವನ ಮಗಳು ಅಂಜನಾಳನ್ನು ನೋಡಿ ಬಂದಾಗಿನಿಂದ ಹುಚ್ಚೇಶ ಸೀರೆ ಸೆರಗಿನ ತೆನೆ ಚಿತ್ತಾರವನ್ನು ತಪ್ಪು ತಪ್ಪಾಗಿ ನೇಯುತ್ತಿದ್ದ. ಈ ಸಂಬಂಧ ತಪ್ಪಿದರೆ ತಾನು ಉಳಿಯುವವನಲ್ಲ ಎಂದೇ ಅವನಿಗನಿಸಿತ್ತು.

“ನಾಯಿನ ಹಿತ್ತಲದಾಗ ಕಟ್ಟಲೇ,” ಎಂದ ಗೆಳೆಯ ಮಲ್ಲು.

“ಕಟ್ಟಿದ್ರ ಊಳಿಡತೈತಿ. ಸಂಬಂಧದ ಮಾತಾಡೂ ಹೊತ್ತಿನ್ಯಾಗ ನಾಯಿ ಊಳಿಟ್ರ ಯಾರ ಹೆಣ್ಣ ಕೊಡ್ತಾರಲೇ?”

ಉಳಿದದ್ದು ಒಂದೇ ದಾರಿ, ಅದರ ಹಲ್ಲುಜ್ಜುವುದು. ಗುಟ್ಕಾ ಬಾಯಿಗೆ ಬೀಳದೆ ಮಗ್ಗದಲ್ಲಿ ಕೈಯೇ ಓಡದ ಮಗನಿಗೆಂದು ತಾಯಿ ಬೋರವ್ವ ಹೊಸ ಬ್ರಶ್ಶು, ಪೇಸ್ಟು ತಂದಿಟ್ಟಿದ್ದಳು. ಹುಚ್ಚೇಶ ಅವನ್ನೇ ಹಿಡಿದು ಅಂಗಳಕ್ಕಿಳಿದ.

“ಪೇಸ್ಟ್ ಬ್ಯಾಡೋ, ಕುಳ್ಳಿನ ಬೂದಿ ಹಚ್ಚು,” ಎಂದಳು ಕಟ್ಟೆಯ ಮೇಲೆ ಕೂತ ನೆರೆಮನೆಯ ಕಾಳವ್ವ. ಯಾರೂ ಕೇಳಲಿಲ್ಲ. ಮಲ್ಲು ದವಡೆ ಅಗಲಿಸಿದ, ಹುಚ್ಚೇಶ ಕೋರೆಹಲ್ಲಿನವರೆಗೂ ಉಜ್ಜಿದ. ಪೇಸ್ಟಿನ ಖಾರ ನಾಲಿಗೆಗೆ ಹತ್ತಿದ್ದೇ ತಡ, ಮೋತಿ ಕೊಸರಿಕೊಂಡು ಬಾಯಿತುಂಬ ಬುರುಗಿನೊಂದಿಗೆ ಓಣಿಗೆ ಹಾರಿತು.

“ಹುಚ್ಚನಾಯಿ ಬಂತು!” ಎಂದು ಯಾರೋ ಕೂಗಿದರು. ಓಣಿಯ ಬಾಗಿಲುಗಳೆಲ್ಲ ದಡದಡ ಮುಚ್ಚಿದವು. ಒಬ್ಬ ಬಡಿಗೆ ಎತ್ತಿದ.

“ಹೊಡೀಬ್ಯಾಡ್ರಿ, ಹುಚ್ಚ ಹಿಡದಿಲ್ಲ, ಹಲ್ಲ ತಿಕ್ಕೇನಿ!” ಎನ್ನುತ್ತ ಹುಚ್ಚೇಶ ಬ್ರಶ್ಶು ಹಿಡಿದು ಹಿಂದೆ ಓಡಿದ. ಈಗ ಜನರಿಗೆ ಯಾರಿಗೆ ಹುಚ್ಚು ಹಿಡಿದಿದೆಯೆಂಬ ಅನುಮಾನ ಬಂತು.

ಕೊನೆಗೆ ನಳದ ಬಳಿ ಸಿಕ್ಕ ಮೋತಿಯ ಬಾಯಿ ತೊಳೆಯುವಷ್ಟರಲ್ಲಿ ಅದು ಬ್ರಶ್ಶನ್ನು ಎರಡು ತುಂಡು ಮಾಡಿತ್ತು. ಮುದಕಪ್ಪ ಬರುವ ಹೊತ್ತಾಗಿತ್ತು. ಹುಚ್ಚೇಶ ಧೈರ್ಯಕ್ಕೆಂದು ಒಂದು ಗುಟ್ಕಾ ಹರಿದು ಬಾಯಿಗೆ ಸುರಿದುಕೊಂಡು ಮನೆಗೆ ಬಂದರೆ, ಮುದಕಪ್ಪ ಆಗಲೇ ಕಂಬಳಿಯ ಮೇಲೆ ಕೂತಿದ್ದ. ಹುಚ್ಚೇಶ ಹಿತ್ತಲಿಗೆ ಹೋಗಿ ಉಗುಳಿ ಬಂದ.

ಮೋತಿ ನೆಟ್ಟಗೆ ಹೋಗಿ ಬೀಗನ ತೊಡೆಯ ಮೇಲೆ ಮುಖವಿಟ್ಟಿತು. ಬೋರವ್ವ ಮನೆದೇವರಿಗೆ ಹರಕೆ ಹೊತ್ತಳು. ಎತ್ತು ಕೊಳ್ಳುವಾಗಿನ ರೂಢಿಯಂತೆ ಮುದಕಪ್ಪ ನಾಯಿಯ ತುಟಿ ಎತ್ತಿ ನೋಡಿದ.

“ಹಲ್ಲ ಏನ್ ಚಂದ ಅದಾವ್ರಿ. ವಾಸನೀನೂ ಇಲ್ಲ.”

ಹುಚ್ಚೇಶನ ಎದೆ ಹಗುರಾಯಿತು. ಚಹಾ ತಂದು ಬಗ್ಗಿ, “ತಗೋರಿ ಮಾವಾರ,” ಎಂದ.

ಮುದಕಪ್ಪನ ಟವೆಲ್ಲು ಮೂಗಿಗೇರಿತು.

ಎಲ್ಲರೂ ಮೋತಿಯತ್ತ ತಿರುಗಿದರು. ಅದು ಆಗಲೇ ಹೊಸ್ತಿಲಾಚೆ ಹೋಗಿ ಮಲಗಿತ್ತು.

“ಹ್ವಾದ ಸಲಾನೂ ನಾಯೀದಲ್ಲೋ ತಮ್ಮಾ,” ಎಂದಳು ಬಾಗಿಲಲ್ಲಿ ನಿಂತ ಕಾಳವ್ವ. “ನಿಂದ.”

ಮುದಕಪ್ಪ ಮೆಲ್ಲಗೆ ಎದ್ದ. ಬೋರವ್ವನ ಮುಖ ನೋಡಿ ಅವನಿಗೂ ಮರುಕವಾಯಿತು.

“ಹುಡುಗನ ವಿಚಾರ ಬಿಡ್ರಿ ಅವ್ವಾರ. ಹಂಗಂತ ಸಂಬಂಧ ಕಡಕೊಳ್ಳೂದು ಬ್ಯಾಡ. ನಮ್ಮ ಮನ್ಯಾಗೊಂದು ಹೆಣ್ಣ ನಾಯಿ ಐತಿ. ನಿಮ್ಮ ಮೋತಿಗಿ ಕೊಡಾಕ ನಮ್ಮದು ಒಪ್ಪಿಗಿ ಐತಿ.”